ಕದಲದ ಬೋಲ್ಟು

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ ಬಂಗಲೆ, ಕಣ, ಪಲ್ಪರ್ ಮನೆ, ಲೈನ್ ಮನೆಗಳ ಜೊತೆಗೆ ಇನ್ನೊಂದು ಕಟ್ಟಡ ಇರುತ್ತದೆ. ಅದಕ್ಕೆ ಷೆಡ್ಡು ಎಂದಷ್ಟೇ ಹೆಸರು. ಗೊಬ್ಬರದ ಚೀಲ, ಸ್ಪ್ರೇಯರ್, ಮೆಣಸು ಕೊಯ್ಯುವ ಏಣಿ, ಕೆಟ್ಟು ಕೂತ ಪಂಪ್‌ಸೆಟ್ಟು ಇವೆಲ್ಲದರ ಹಿಂದೆ ಟಾರ್ಪಾಲಿನಡಿ ಒಂದು ಗಾಡಿ ನಿಂತಿರುವುದೂ ಉಂಟು. ಹೆಚ್ಚಾಗಿ ಅದು ತಾತ ಓಡಿಸುತ್ತಿದ್ದ ಜೀಪು. ಕೆಲವು ಕಡೆ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ತೀರಾ ಅಪರೂಪಕ್ಕೆ, ದೊರೆಗಳ ಕಾಲದಿಂದ ಕೈ ಬದಲಿಸುತ್ತ ಬಂದ ಯಾವುದೋ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ‘ಒಂದಿನ ಇದನ್ನ ರೆಡಿ ಮಾಡಿ ಓಡಿಸಬೇಕು’ ಎಂಬ ಮಾತು ಆ ಮನೆಯಲ್ಲಿ ವರ್ಷಗಟ್ಟಲೆ ನಡೆದಿರುತ್ತದೆ. ಕೊನೆಗೊಮ್ಮೆ ಆ ದಿನ ಬಂದೇಬಿಟ್ಟರೆ, ಟಾರ್ಪಾಲು ಸರಿಸಿ, ಸ್ಪ್ಯಾನರ್ ಹಿಡಿದು ಕೂತವನಿಗೆ ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾಗುವ ಸಂಗತಿ ಒಂದಿದೆ: ಎಂಜಿನ್ನಿನ ತನಕ ಹೋಗುವುದು ದೂರದ ಮಾತು, ಮೊದಲ ಬೋಲ್ಟೇ ಕದಲುವುದಿಲ್ಲ.

ಹಳೆಯ ಗಾಡಿಯ ರಿಪೇರಿ ಸುಲಭ ಎಂಬ ನಂಬಿಕೆ ಎಲ್ಲರಲ್ಲೂ ಇದೆ. ನಂಬಿಕೆ ಸುಳ್ಳೇನಲ್ಲ. 1960ರ ದಶಕದ ಕಾರಿನಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಪೆಟ್ರೋಲು, ಗಾಳಿ, ಕಿಡಿ ಈ ಮೂರೂ ಸರಿಯಾದ ಹೊತ್ತಿಗೆ ಕೂಡಿದರೆ ಎಂಜಿನ್ ಓಡಲೇಬೇಕು. ಹೆರಾಲ್ಡ್ ಕಾರಿನ ಬಾನೆಟ್ಟಂತೂ ಎರಡೂ ಬದಿಯ ಮಡ್‌ಗಾರ್ಡುಗಳ ಸಮೇತ ಇಡಿಯಾಗಿ ಮುಂದಕ್ಕೆ ಮಗುಚುತ್ತದೆ. ಮುಂದಿನ ಟೈರಿನ ಮೇಲೆ ಆರಾಮವಾಗಿ ಕೂತು ಕೆಲಸ ಮಾಡಬಹುದು. ಇಷ್ಟು ಸರಳವಾದ ಯಂತ್ರ ಇಷ್ಟೊಂದು ಕಾಡುವುದೇಕೆ? ಅದು ಒಂಟಿಯಾಗಿ ಹುಟ್ಟಿದ್ದಲ್ಲ ಎಂಬುದೇ ಕಾರಣ. ಅದರ ಅಳತೆಯ ಸ್ಪ್ಯಾನರ್, ಅದಕ್ಕೆ ಒಗ್ಗುವ ಪೆಟ್ರೋಲು, ಬಿಡಿಭಾಗ ಇಟ್ಟುಕೊಂಡ ಅಂಗಡಿ, ಗುಟ್ಟು ಬಲ್ಲ ಮೆಕ್ಯಾನಿಕ್ ಎಲ್ಲ ಸೇರಿ ಅದರ ಸುತ್ತ ಒಂದು ಲೋಕವಿತ್ತು. ಗಾಡಿ ಷೆಡ್ಡಿನಲ್ಲಿ ಉಳಿಯಿತು, ಆ ಲೋಕ ಚದುರಿ ಹೋಯಿತು. ಸ್ವಂತ ರಿಪೇರಿಗೆ ಇಳಿದವನು ಅದರ ಚೂರುಗಳನ್ನು ಒಂದೊಂದಾಗಿ ಹುಡುಕಿ ತರಬೇಕಾಗುತ್ತದೆ.

ಈ ಗಾಡಿಗಳು ಈ ಬೆಟ್ಟಗಳಿಗೆ ಬಂದ ಬಗೆಯನ್ನು ಸ್ವಲ್ಪ ನೋಡಬೇಕು. ಮಂಜರಾಬಾದ್ ಸೀಮೆಗೆ ಬ್ರಿಟಿಷ್ ಪ್ಲಾಂಟರುಗಳು ಬಂದದ್ದು 19ನೇ ಶತಮಾನದ ನಡುಭಾಗದಲ್ಲಿ. 1850ರ ದಶಕದಲ್ಲಿ ಇಲ್ಲಿಗೆ ಬಂದು ತೋಟ ಮಾಡಿದ ರಾಬರ್ಟ್ ಎಲಿಯಟ್ ತನ್ನ ಅನುಭವಗಳನ್ನು ಪುಸ್ತಕವಾಗಿ ಬರೆದಿಟ್ಟಿದ್ದಾನೆ. ಅವನ ಕಾಲದ ವಾಹನಗಳೆಂದರೆ ಕುದುರೆ, ಎತ್ತಿನ ಗಾಡಿ. ಮೋಟಾರು ಬಂದದ್ದು ಆಮೇಲೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ 6 ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿತು. ಯುದ್ಧ ಮುಗಿದ ಮೇಲೆ ಸೇನೆ ಬಿಟ್ಟುಹೋದ ಜೀಪುಗಳು ಭಾರತದಲ್ಲಿ ಹರಾಜಾದವು. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂದು ಶುರುವಾಗಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆದ ಕಂಪೆನಿ, ವಿಲ್ಲಿಸ್ ಜೀಪನ್ನು ಬಿಡಿಬಿಡಿಯಾಗಿ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಮಳೆಗಾಲದ ತೋಟದ ರಸ್ತೆಗೆ ಇದಕ್ಕಿಂತ ತಕ್ಕ ಗಾಡಿ ಬೇರೆ ಇರಲಿಲ್ಲ. ನೆಲಕ್ಕಂಟಿ ಓಡುವ ಸ್ಪೋರ್ಟ್ಸ್ ಕಾರು ಹಾನುಬಾಳಿನ ಕೆಸರಿನಲ್ಲಿ ಒಂದು ಫರ್ಲಾಂಗು ಹೋಗುವುದೂ ಕಷ್ಟ. ಮೇಲೆ ಹೊದಿಕೆಯಿಲ್ಲ, ಬಾಗಿಲಿಲ್ಲ, ಮುಂದಿನ ಗಾಜು ಮಡಚಿ ಬಾನೆಟ್ಟಿನ ಮೇಲೆ ಮಲಗುತ್ತದೆ, ಗಾಳಿ ನೇರ ಮುಖಕ್ಕೆ. ಮಲೆನಾಡಿನ ಮಟ್ಟಿಗೆ ಸ್ಪೋರ್ಟ್ಸ್ ಕಾರಿನ ಸುಖ ಕೊಟ್ಟದ್ದು ಜೀಪೇ ಎಂದರೆ ತಪ್ಪಾಗದು.

ಹೆರಾಲ್ಡ್‌ನದು ಬೇರೆ ಕಥೆ. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂದು ಬಂದ ಈ ಕಾರಿನ ಆಕಾರ ಬರೆದವನು ಇಟಲಿಯ ಜೊವಾನಿ ಮಿಕೆಲೊಟ್ಟಿ. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಅದನ್ನು ಇಲ್ಲಿಯೂ ತಯಾರಿಸಿತು. 1962ರಲ್ಲಿ ಇದೇ ಹೆರಾಲ್ಡ್‌ನ ಚಾಸಿಯನ್ನು ಗಿಡ್ಡ ಮಾಡಿ ಅದರ ಮೇಲೆ ಕಟ್ಟಿದ್ದೇ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಹೆಸರಾಂತ ಸ್ಪೋರ್ಟ್ಸ್ ಕಾರು. ಅಂದರೆ ನಮ್ಮ ಡಾಕ್ಟರು, ವಕೀಲರು, ಪ್ಲಾಂಟರುಗಳು ಸಂಸಾರ ಸಮೇತ ಓಡಾಡುತ್ತಿದ್ದ ಕಾರು ಒಂದು ಸ್ಪೋರ್ಟ್ಸ್ ಕಾರಿನ ಅಣ್ಣ. ಆ ಅಣ್ಣನ ಗುಣದೋಷ ಎರಡೂ ತಮ್ಮನಿಗೆ ಬಂದಿವೆ.

1953ರಲ್ಲಿ ಟ್ಯಾರಿಫ್ ಆಯೋಗದ ವರದಿಯ ನಂತರ, ಇಲ್ಲಿಯೇ ತಯಾರಿಸುವ ಯೋಜನೆ ಇಲ್ಲದ ಫೋರ್ಡ್, ಜನರಲ್ ಮೋಟಾರ್ಸ್ ಕಂಪೆನಿಗಳು ತಮ್ಮ ಜೋಡಣಾ ಘಟಕಗಳನ್ನು ಮುಚ್ಚಿದವು. ಹೊರಗಿನ ಕಾರು ತರಿಸುವುದು ಸಾಮಾನ್ಯರಿಗೆ ಆಗದ ಮಾತಾಯಿತು. ಅಂಬಾಸಿಡರ್, ಫಿಯೆಟ್, ಹೆರಾಲ್ಡ್ ಈ ಮೂರರಲ್ಲೊಂದಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹೀಗಿರುವಾಗ ಕೈಯಲ್ಲಿದ್ದ ಕಾರನ್ನು ಯಾರು ತಾನೆ ಎಸೆದಾರು? ಒಂದು ಕಾರನ್ನು ಮೂವತ್ತು ವರ್ಷ ಓಡಿಸುವುದು, ಪಿಸ್ಟನ್ ಸವೆದರೆ ಬೋರ್ ಮಾಡಿಸುವುದು, ಬುಶ್ ಹೋದರೆ ಲೇತಿನಲ್ಲಿ ಕಡೆಸುವುದು ಆಗಿನ ಸಹಜ ಬದುಕಾಗಿತ್ತು. ದೊಡ್ಡ ಎಸ್ಟೇಟುಗಳಲ್ಲಿ ಪಲ್ಪರ್, ಜನರೇಟರ್ ನೋಡಿಕೊಳ್ಳಲು ಒಬ್ಬ ಮೆಕ್ಯಾನಿಕ್ ಇದ್ದರೆ ಜೀಪೂ ಅವನ ಕೈಗೇ ಬರುತ್ತಿತ್ತು. ಗಾಡಿಯ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎನ್ನುವ ಕಿವಿ ಅವರಿಗಿತ್ತು. ಈಗಿನ ಪೇಟೆಯ ಗ್ಯಾರೇಜಿನ ಹುಡುಗ ಜಾಣ, ಆದರೆ ಅವನ ವಿದ್ಯೆ ಬೇರೆ. ಅವನು ಮೊದಲು ಹುಡುಕುವುದು ಸ್ಕ್ಯಾನರ್ ಚುಚ್ಚುವ ಜಾಗವನ್ನು. ಹೆರಾಲ್ಡ್‌ನಲ್ಲಿ ಅಂಥ ಜಾಗವೇ ಇಲ್ಲ. ಡೆಲ್ಕೊದ ಮುಚ್ಚಳ ತೆಗೆದು, ಪಾಯಿಂಟಿನ ನಡುವೆ ಒಂದು ಇಂಚಿನ ಸಾವಿರದ 15 ಭಾಗದಷ್ಟು, ಅಂದರೆ ಗಟ್ಟಿ ವಿಸಿಟಿಂಗ್ ಕಾರ್ಡೊಂದರ ದಪ್ಪದ, ಸಂದು ಇದೆಯೇ ಎಂದು ನೋಡುವವರು ಈಗ ಎಷ್ಟು ಜನ? ಹೀಗಾಗಿ ಮಾಲೀಕನೇ ಸ್ಪ್ಯಾನರ್ ಹಿಡಿಯುತ್ತಾನೆ. ಪ್ರೀತಿಯೂ ಇದೆ, ಬೇರೆ ದಾರಿಯಿಲ್ಲದ್ದೂ ಇದೆ.

ಈಗ ಆ ಬೋಲ್ಟಿನ ವಿಷಯ. ತೋಟದ ಮನೆಯ ಟೂಲ್ ಬಾಕ್ಸಿನಲ್ಲಿ ಇರುವುದು 10, 12, 13, 14, 17 ಹೀಗೆ ಮಿಲಿಮೀಟರ್ ಅಳತೆಯ ಸ್ಪ್ಯಾನರುಗಳು. ಹಳೆಯ ಇಂಗ್ಲಿಷ್ ಕಾರಿನ ಬೋಲ್ಟಿನ ತಲೆಗೆ 13 ಹೋಗುವುದಿಲ್ಲ, 14 ಸಡಿಲವಾಗಿ ಜಾರುತ್ತದೆ. ಸ್ವಲ್ಪ ಬಲ ಹಾಕಿದರೆ ಆರು ಮೂಲೆಯ ತಲೆ ಗುಂಡಗಾಗುತ್ತದೆ, ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು. ಇದರಲ್ಲಿ ಸ್ಪ್ಯಾನರಿನ ದೋಷವೂ ಇಲ್ಲ, ಕೈಯ ದೋಷವೂ ಇಲ್ಲ. ಅದರ ಹಿಂದೆ 180 ವರ್ಷಗಳ ಚರಿತ್ರೆ ಇದೆ.

ಮೊದಲೆಲ್ಲ ಒಂದೊಂದು ಕಾರ್ಖಾನೆಯ ತಿರುಪಿಗೆ ಒಂದೊಂದು ಅಳತೆ. ಒಬ್ಬನ ಬೋಲ್ಟು ಇನ್ನೊಬ್ಬನ ನಟ್ಟಿಗೆ ಕೂರುತ್ತಿರಲಿಲ್ಲ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್ ಬೇರೆ ಬೇರೆ ಕಾರ್ಖಾನೆಗಳ ತಿರುಪುಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದು 1841ರಲ್ಲಿ ಒಂದು ಪದ್ಧತಿಯನ್ನು ಮುಂದಿಟ್ಟ. ತಿರುಪಿನ ಹಲ್ಲಿನ ಕೋನ 55 ಡಿಗ್ರಿ ಇರಬೇಕು, ಇಷ್ಟು ದಪ್ಪದ ಬೋಲ್ಟಿಗೆ ಇಂಚಿಗೆ ಇಷ್ಟು ಸುತ್ತು ಇರಬೇಕು ಎಂದು ಗೊತ್ತುಪಡಿಸಿದ. ಬ್ರಿಟಿಷ್ ಸಾಮ್ರಾಜ್ಯವೆಲ್ಲ ಅದನ್ನು ಅನುಸರಿಸಿತು. ಅಮೆರಿಕದ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿಯ ಇನ್ನೊಂದು ಪದ್ಧತಿ ತಂದ. ಯುರೋಪಿನವರದು ಮೆಟ್ರಿಕ್. ಇಷ್ಟಕ್ಕೂ ಐದು ಡಿಗ್ರಿ ವ್ಯತ್ಯಾಸದಿಂದ ಏನಾದೀತು ಎನಿಸಬಹುದು. ಆಗುವ ಅನಾಹುತ ದೊಡ್ಡದು. ಕಾಲಿಂಚಿನ ಬೋಲ್ಟಿಗೆ ವಿಟ್‌ವರ್ತ್ ಪದ್ಧತಿಯಲ್ಲೂ ಅಮೆರಿಕದ ದಪ್ಪ ಹಲ್ಲಿನ ಪದ್ಧತಿಯಲ್ಲೂ ಇಂಚಿಗೆ 20 ಸುತ್ತು. ಆದ್ದರಿಂದ ಒಂದರ ನಟ್ಟು ಇನ್ನೊಂದರ ಮೇಲೆ ಚೆನ್ನಾಗಿಯೇ ಹತ್ತುತ್ತದೆ, ಬಿಗಿಯೂ ಆದಂತೆ ತೋರುತ್ತದೆ. ಆದರೆ ಹಲ್ಲಿಗೆ ಹಲ್ಲು ಪೂರ್ತಿ ಕಚ್ಚಿರುವುದಿಲ್ಲ. ನಾಲ್ಕು ದಿನ ತೋಟದ ರಸ್ತೆಯಲ್ಲಿ ಕುಲುಕಾಡಿದರೆ ಸಡಿಲ. ಕೂರದ ಬೋಲ್ಟಿಗಿಂತ ಕೂತಂತೆ ನಟಿಸುವ ಬೋಲ್ಟು ಹೆಚ್ಚು ಅಪಾಯ.

ಸ್ಪ್ಯಾನರಿನ ಗೊಂದಲ ಬೇರೆಯೇ. ವಿಟ್‌ವರ್ತ್ ಸ್ಪ್ಯಾನರಿನ ಮೇಲೆ ಕಾಲಿಂಚು ಎಂದು ಬರೆದಿದ್ದರೆ ಅದು ಸ್ಪ್ಯಾನರಿನ ಬಾಯಿಯ ಅಗಲವಲ್ಲ, ಬೋಲ್ಟಿನ ಮೈಯ ದಪ್ಪ. ಆ ಬೋಲ್ಟಿನ ತಲೆಯ ಅಗಲ 13.3 ಮಿಲಿಮೀಟರ್. 13 ಹೋಗದೆ 14 ಜಾರುವುದು ಇದಕ್ಕೇ. ಅಮೆರಿಕದ ಪದ್ಧತಿಯಲ್ಲಿ ಸ್ಪ್ಯಾನರಿನ ಮೇಲಿನ ಅಂಕಿ ತಲೆಯ ಅಗಲವನ್ನೇ ಹೇಳುತ್ತದೆ. ಅಲ್ಲಿನ ಅರ್ಧ ಇಂಚು 12.7 ಮಿಲಿಮೀಟರ್. ಅದಕ್ಕೆ ನಮ್ಮ 13ರ ಸ್ಪ್ಯಾನರ್ ಹೇಗೋ ಹೊಂದಿಕೊಳ್ಳುತ್ತದೆ. ಜೀಪಿನ ರಿಪೇರಿ ಇಂಗ್ಲಿಷ್ ಕಾರಿನದಕ್ಕಿಂತ ಸಲೀಸು ಎನಿಸುವುದಕ್ಕೆ ಇಂಥ ಸಣ್ಣ ಅದೃಷ್ಟಗಳೂ ಕಾರಣ.

ಎರಡನೇ ಮಹಾಯುದ್ಧದಲ್ಲಿ ಈ ಭೇದ ಮಿತ್ರಸೇನೆಗಳಿಗೆ ನುಂಗಲಾರದ ತುತ್ತಾಯಿತು. ಬ್ರಿಟನ್ನಿನ ಮರ್ಲಿನ್ ವಿಮಾನ ಎಂಜಿನ್ನನ್ನು ತಯಾರಿಸಲು ಒಪ್ಪಿದ ಅಮೆರಿಕದ ಪ್ಯಾಕರ್ಡ್ ಕಂಪೆನಿ, ಬ್ರಿಟಿಷ್ ತಿರುಪು ಕೊರೆಯುವ ಸಲಕರಣೆಗಳನ್ನೇ ಹೊಸದಾಗಿ ಮಾಡಿಕೊಳ್ಳಬೇಕಾಯಿತು. ಆ ಅನುಭವದಿಂದಲೇ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮೂರೂ ಸೇರಿ ಒಂದೇ ತಿರುಪಿನ ಪದ್ಧತಿಗೆ ಒಪ್ಪಿದವು. ಕಾರ್ಖಾನೆಗಳು ಅದಕ್ಕೆ ನಿಧಾನವಾಗಿ ಹೊರಳಿದವು. ಭಾರತವಾದರೋ 1956ರ ಕಾನೂನಿನ ಮೂಲಕ ಮೆಟ್ರಿಕ್ ಅಳತೆಗೆ ಬಂದಿತು. ಹೀಗಾಗಿ ನಮ್ಮ ಷೆಡ್ಡಿನ ಗಾಡಿಗಳು ಒಂದೊಂದು ಅಳತೆಯ ಒಂದೊಂದು ಕಾಲವನ್ನು ಹೊತ್ತು ನಿಂತಿವೆ. ಫಿಯೆಟ್ ಮೆಟ್ರಿಕ್, ಜೀಪು ಅಮೆರಿಕನ್, ಹೆರಾಲ್ಡ್ ಬಹುತೇಕ ಹೊಸ ಒಪ್ಪಂದದ ತಿರುಪು, ಅದಕ್ಕೂ ಹಿಂದಿನ ಇಂಗ್ಲಿಷ್ ಕಾರುಗಳೆಲ್ಲ ವಿಟ್‌ವರ್ತ್ ವಂಶ.

ಈ ಸಾಲಿನಲ್ಲಿ ಅತ್ಯಂತ ಕಿಡಿಗೇಡಿ ಎಂದರೆ 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿ.ಸಿ. ಸ್ಪೋರ್ಟ್ಸ್ ಕಾರು. (ಇಂದು ನಮ್ಮ ರಸ್ತೆಗಳಲ್ಲಿ ಕಾಣುವ ಎಂ.ಜಿ.ಗೂ ಅದಕ್ಕೂ ಹೆಸರೊಂದೇ ನಂಟು.) ಅದರ 1250 ಸಿ.ಸಿ. ಎಂಜಿನ್ ಮಾರಿಸ್ ಕಂಪೆನಿಯದು. ಮಾರಿಸ್‌ನ ಎಂಜಿನ್ ಕಾರ್ಖಾನೆ ಮೂಲತಃ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪೆನಿಯದಾಗಿತ್ತು. ಅಲ್ಲಿನ ಯಂತ್ರಗಳು ಮೆಟ್ರಿಕ್ ತಿರುಪು ಕೊರೆಯುತ್ತಿದ್ದವು. ಯಂತ್ರ ಬದಲಿಸುವ ಖರ್ಚು ಯಾಕೆಂದು ಮೆಟ್ರಿಕ್ ತಿರುಪನ್ನೇ ಉಳಿಸಿಕೊಂಡರು. ಆದರೆ ಇಂಗ್ಲಿಷ್ ಗ್ಯಾರೇಜಿನವರ ಬಳಿ ಇರುವುದು ವಿಟ್‌ವರ್ತ್ ಸ್ಪ್ಯಾನರ್ ತಾನೆ? ಅದಕ್ಕಾಗಿ ಬೋಲ್ಟಿನ ತಲೆಯನ್ನು ವಿಟ್‌ವರ್ತ್ ಅಳತೆಗೆ ಮಾಡಿದರು! ತಲೆ ಇಂಗ್ಲಿಷು, ಮೈ ಫ್ರೆಂಚು. ಇಂಥ ಒಂದು ಬೋಲ್ಟು ಕಳೆದುಹೋದರೆ ಹಾಸನದಲ್ಲಾಗಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಸಿಗುವ ಮಾತೇ ಇಲ್ಲ. ಲೇತಿನವನ ಮುಂದೆ ಕೂತು ಮಾಡಿಸಿಕೊಳ್ಳಬೇಕು. ‘ತಲೆ ಯಾವುದಾದರೇನು ಸಾರ್, ತಿರುಪು ಕೂತರೆ ಸಾಕಲ್ಲ’ ಎಂದು ಅವನು ಕೇಳುತ್ತಾನೆ. ಕೇಳುವುದರಲ್ಲಿ ನ್ಯಾಯವೂ ಇದೆ.

ಒಂದು ತಿರುಪು ಕದಲದಿದ್ದರೆ ಆ ತಿರುಪಿನ ಬೆಲೆ ಇಡೀ ಯಂತ್ರದಷ್ಟೇ ಎಂಬ ವಿಚಾರವನ್ನು ಅಮೆರಿಕದ ರಾಬರ್ಟ್ ಪಿರ್ಸಿಗ್ 1974ರಲ್ಲಿ ಬಂದ ‘ಜೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೆಯಿಂಟೆನೆನ್ಸ್’ ಪುಸ್ತಕದಲ್ಲಿ ದೀರ್ಘವಾಗಿ ಚರ್ಚಿಸಿದ್ದಾನೆ. ಅಲ್ಲಿಯವರೆಗೆ ಲೆಕ್ಕಕ್ಕೇ ಇರದಿದ್ದ ಒಂದು ಪುಟ್ಟ ವಸ್ತು ಇದ್ದಕ್ಕಿದ್ದಂತೆ ಮನಸ್ಸನ್ನೆಲ್ಲ ಆವರಿಸಿಕೊಳ್ಳುತ್ತದೆ, ಸಿಟ್ಟು ಮಾಡಿದಷ್ಟೂ ಕೆಲಸ ಕೆಡುತ್ತದೆ ಎನ್ನುವುದು ಅವನ ಅನುಭವ. ಇಂಗ್ಲೆಂಡಿನ ಜಾನ್ ಹೇನ್ಸ್ ಇದಕ್ಕೆ ಇನ್ನೊಂದು ಉಪಾಯ ಹುಡುಕಿದ. ಒಂದು ಕಾರನ್ನು ನಿಜವಾಗಿ ಪೂರ್ತಿ ಬಿಚ್ಚಿ, ಹಂತಹಂತಕ್ಕೂ ಫೋಟೊ ತೆಗೆದು, ಮತ್ತೆ ಜೋಡಿಸಿ ಅದನ್ನೇ ಪುಸ್ತಕ ಮಾಡಿದ. 1966ರಲ್ಲಿ ಬಂದ ಹೇನ್ಸ್ ಮಾಲೆಯ ಮೊದಲ ಕೈಪಿಡಿ ಆಸ್ಟಿನ್ ಹೀಲಿ ಸ್ಪ್ರೈಟ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನದು. ಈ ಪುಸ್ತಕಗಳು ನಿಜಕ್ಕೂ ಉಪಕಾರಿ. ಆದರೆ ಅವುಗಳಲ್ಲಿರುವ ಕಾರಿನ ಬೋಲ್ಟುಗಳೆಲ್ಲ ಸಭ್ಯವಾಗಿ ಬಿಚ್ಚಿಕೊಳ್ಳುತ್ತವೆ. ಮಂಜರಾಬಾದಿನ ಮಳೆಯಲ್ಲಿ ಮೂವತ್ತು ವರ್ಷ ನೆಂದ ಬೋಲ್ಟಿನ ಅಧ್ಯಾಯ ಅವುಗಳಲ್ಲಿಲ್ಲ.

ಮಳೆ ಎಂದರೆ ನೇರ ಬೀಳುವ ನೀರು ಮಾತ್ರವಲ್ಲ. ಆಲೂರಿನಿಂದ ಪಶ್ಚಿಮಕ್ಕೆ ಹೋದಷ್ಟೂ ಮಳೆಯ ಪ್ರಮಾಣ ಏರುತ್ತದೆ, ಘಟ್ಟದ ಅಂಚಿನಲ್ಲಿ ಜೂನ್‌ನಿಂದ ತಿಂಗಳುಗಟ್ಟಲೆ ಗೋಡೆಗಳೂ ಬೆವರುತ್ತವೆ. ಷೆಡ್ಡಿನೊಳಗಿದ್ದರೂ ಗಾಡಿ ಒಣಗಿರುವುದಿಲ್ಲ. ಅರ್ಧ ಖಾಲಿಯಾದ ಪೆಟ್ರೋಲ್ ಟ್ಯಾಂಕಿನ ಒಳಮೈಯಲ್ಲಿ ನೀರಿನ ಹನಿ ಕಟ್ಟಿ ತುಕ್ಕು ಹಿಡಿಯುತ್ತದೆ, ಆ ತುಕ್ಕಿನ ಪುಡಿ ಕಾರ್ಬುರೇಟರಿನ ಜೆಟ್ಟಿಗೆ ಬಂದು ಕೂರುತ್ತದೆ. ಹಳೆಯ ವಯರಿನ ಮೇಲಿನ ಬಟ್ಟೆಯ ಹೊದಿಕೆ ಇಲಿಗಳಿಗೆ ಬಲು ಇಷ್ಟ. ಮಣ್ಣಿನ ಗೂಡು ಕಟ್ಟುವ ಕಣಜ ತೆರೆದ ಕೊಳವೆ ಎಲ್ಲಿದ್ದರೂ ಬಿಡುವುದಿಲ್ಲ. ಸೈಲೆನ್ಸರಿನ ಬಾಯಿ, ಬಿಚ್ಚಿಟ್ಟ ಪೆಟ್ರೋಲ್ ಪೈಪು ಎಲ್ಲದರಲ್ಲೂ ಅದರ ಸಂಸಾರ. ಎಂಜಿನ್ ಏಕೆ ಉಸಿರಾಡುತ್ತಿಲ್ಲ ಎಂದು ಎರಡು ಭಾನುವಾರ ಹುಡುಕಿದ ಮೇಲೆ ಹುಳದ ಗೂಡು ಸಿಕ್ಕರೆ ನಗಬೇಕೋ ಅಳಬೇಕೋ ತಿಳಿಯದು.

ತುಕ್ಕು ಹಿಡಿದ ಬೋಲ್ಟಿಗೆ ಒಬ್ಬೊಬ್ಬರದು ಒಂದೊಂದು ಮದ್ದು. ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸುವುದು, ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಸುವುದು, ಕಾದ ತಿರುಪಿಗೆ ಮೇಣ ಸವರುವುದು, ಬಿಗಿಸುವ ದಿಕ್ಕಿಗೇ ಒಂದು ಕೂದಲೆಳೆ ತಿರುಗಿಸಿ ಆಮೇಲೆ ಬಿಚ್ಚುವುದು. ಎಲ್ಲವೂ ಒಮ್ಮೊಮ್ಮೆ ಫಲಿಸುತ್ತವೆ. ಬೆಂಕಿಗೆ ಮುನ್ನ ಪೆಟ್ರೋಲ್ ಟ್ಯಾಂಕು ಎಲ್ಲಿದೆ ಎಂದು ನೋಡಿಕೊಳ್ಳಬೇಕು ಎನ್ನುವುದನ್ನು ಹೇಳಬೇಕಾಗಿಲ್ಲ, ಆದರೂ ಹೇಳುವುದು ಒಳ್ಳೆಯದು. ಅವಸರ ಮಾಡಿದರೆ ಬೋಲ್ಟಿನ ತಲೆ ಮುರಿದು ಮೈ ಒಳಗೇ ಉಳಿಯುತ್ತದೆ. ಅದನ್ನು ತೆಗೆಯಲು ನಡುವೆ ತೂತು ಕೊರೆದು ‘ಈಜಿ ಔಟ್’ ಎಂಬ ಸಾಧನ ಹಾಕುತ್ತಾರೆ. ಹೆಸರು ಮಾತ್ರ ಈಜಿ. ಗಟ್ಟಿ ಉಕ್ಕಿನ ಆ ಸಾಧನವೇ ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ಲು ಅದನ್ನು ಕೊರೆಯುವುದೂ ಇಲ್ಲ.

ಇವೆಲ್ಲ ಶ್ರಮದ ಮಾತಾಯಿತು. ತಿಳಿವಳಿಕೆಯೇ ಕೈಕೊಡುವ ಜಾಗಗಳೂ ಇವೆ. ಯುದ್ಧಕಾಲದ ಜೀಪಿನ ಎಡಬದಿಯ ಚಕ್ರಗಳ ನಟ್ಟುಗಳಿಗೆ ಎಡಸುತ್ತಿನ ತಿರುಪು. ಚಕ್ರ ಉರುಳುವ ದಿಕ್ಕಿಗೆ ನಟ್ಟು ಸಡಿಲವಾಗಬಾರದೆಂದು ಮಾಡಿದ ಏರ್ಪಾಡು. ಗೊತ್ತಿಲ್ಲದವನು ಬಿಚ್ಚುತ್ತಿದ್ದೇನೆ ಎಂದುಕೊಂಡು ಉದ್ದನೆಯ ಪೈಪು ಸಿಕ್ಕಿಸಿ ಮತ್ತಷ್ಟು ಬಿಗಿಸುತ್ತಾನೆ, ಕೊನೆಗೆ ಸ್ಟಡ್ಡೇ ಮುರಿದು ಬರುತ್ತದೆ. ಹೆರಾಲ್ಡ್, ಸ್ಪಿಟ್‌ಫೈರ್‌ಗಳದು ಇದಕ್ಕಿಂತ ಸೂಕ್ಷ್ಮ. ಮುಂದಿನ ಚಕ್ರವನ್ನು ಹೊತ್ತ ಉಕ್ಕಿನ ಕಂಬದ ಕೆಳತುದಿಯಲ್ಲಿ ತಿರುಪಿದೆ. ಅದು ಟ್ರನಿಯನ್ ಎಂಬ ಕಂಚಿನ ಗೂಡಿನೊಳಗೆ ಕೂತು, ಸ್ಟೀರಿಂಗ್ ತಿರುಗಿಸಿದಂತೆಲ್ಲ ತಾನೂ ತಿರುಗುತ್ತದೆ. ಇದಕ್ಕೆ ಗೇರ್ ಆಯಿಲ್ ಹಾಕಬೇಕು. ಆದರೆ ನೋಡಿದವರಿಗೆಲ್ಲ ಗ್ರೀಸ್ ಹೊಡೆಯುವ ಜಾಗದಂತೆಯೇ ಕಾಣುತ್ತದೆ. ಕಾಳಜಿಯುಳ್ಳ ಮಾಲೀಕ ತಪ್ಪದೆ ಗ್ರೀಸ್ ಹೊಡೆಯುತ್ತಾನೆ. ಗ್ರೀಸ್ ಗಟ್ಟಿಯಾಗಿ ಒಳಗಿನ ತಿರುಪಿನವರೆಗೆ ಇಳಿಯುವುದಿಲ್ಲ, ಅಡಿಯಲ್ಲಿ ನೀರು ನಿಂತು ಉಕ್ಕು ಸವೆಯುತ್ತದೆ. ಒಂದು ದಿನ ತಿರುವಿನಲ್ಲಿ ಕಂಬ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಅಲಕ್ಷ್ಯದಿಂದ ಕೆಟ್ಟ ಕಾರುಗಳ ಲೆಕ್ಕವೇ ಬೇರೆ, ಇದು ಆರೈಕೆಯಿಂದಲೇ ಕೆಡುವ ಬಗೆ.

ಬ್ರೇಕಿನ ವಿಷಯಕ್ಕೆ ಬಂದರೆ ಹುಡುಗಾಟಿಕೆ ಸಲ್ಲದು. ಈಗಿನ ಕಾರುಗಳಲ್ಲಿ ಬ್ರೇಕ್ ಆಯಿಲಿನ ವ್ಯವಸ್ಥೆ ಎರಡು ಭಾಗವಾಗಿರುತ್ತದೆ, ಒಂದು ಸೋರಿದರೂ ಇನ್ನೊಂದು ಹಿಡಿಯುತ್ತದೆ. ಆ ಕಾಲದ ಜೀಪು, ಹೆರಾಲ್ಡ್‌ಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಜಾಲ. ಎಲ್ಲೇ ಒಂದು ಪೈಪು ಸೋರಿದರೂ ಪೆಡಲು ನೇರ ನೆಲ ಮುಟ್ಟುತ್ತದೆ. ಬ್ರೇಕ್ ಆಯಿಲಿಗೆ ಗಾಳಿಯ ತೇವವನ್ನು ಹೀರುವ ಗುಣ ಬೇರೆ ಇದೆ. ಗಾಡಿ ನಿಂತಲ್ಲೇ ನಿಂತಿದ್ದರೂ ಆಯಿಲಿನಲ್ಲಿ ನೀರು ಸೇರುತ್ತ ಹೋಗಿ ಚಕ್ರದ ಸಿಲಿಂಡರಿನೊಳಗೆ ತುಕ್ಕು ಕಟ್ಟುತ್ತದೆ. ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಒತ್ತಿ ಡ್ರಮ್ಮು ಕಾದಾಗ ಆ ನೀರು ಕುದಿದು ಆವಿಯಾಗುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ. ಸಕಲೇಶಪುರದವರಿಗೆ ಶಿರಾಡಿ ಘಾಟಿ ಮನೆಯ ಹಿತ್ತಿಲಿನಂತೆ. ಷೆಡ್ಡಿನ ಅಂಗಳದಲ್ಲಿ ಚೆನ್ನಾಗಿ ಹಿಡಿದ ಬ್ರೇಕು ಘಾಟಿಯಲ್ಲಿ ಲಾರಿಗಳ ನಡುವೆಯೂ ಹಿಡಿಯುತ್ತದೆ ಎಂದು ನಂಬುವಂತಿಲ್ಲ. ಆಯಿಲ್ ಪೂರ್ತಿ ಬದಲಿಸದೆ, ರಬ್ಬರ್ ಕಪ್ಪುಗಳನ್ನು ಹೊಸದು ಹಾಕದೆ, ಪೈಪುಗಳನ್ನು ಅಡಿಯಿಂದ ಮುಡಿಯವರೆಗೆ ನೋಡದೆ ಘಟ್ಟ ಇಳಿಸುವುದು ಸಾಹಸವಲ್ಲ, ಮೂರ್ಖತನ. ಬ್ರೇಕ್ ಆಯಿಲ್ ಸಿಗಲಿಲ್ಲವೆಂದು ಎಂಜಿನ್ ಆಯಿಲ್ ಸುರಿದರಂತೂ ಒಳಗಿನ ರಬ್ಬರೆಲ್ಲ ಉಬ್ಬಿ ವ್ಯವಸ್ಥೆಯೇ ಹಾಳಾಗುತ್ತದೆ.

ಪೆಟ್ರೋಲೂ ಈಗ ಆ ಕಾಲದ್ದಲ್ಲ. ಮೊದಲು ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಆ ಸೀಸ ಎಂಜಿನ್ನಿನ ಎಕ್ಸಾಸ್ಟ್ ವಾಲ್ವು ಕೂರುವ ಜಾಗ ಸವೆಯದಂತೆ ಕಾಪಾಡುತ್ತಿತ್ತು. ಮನುಷ್ಯರ, ಅದರಲ್ಲೂ ಮಕ್ಕಳ ಆರೋಗ್ಯಕ್ಕೆ ಸೀಸ ವಿಷವಾದ್ದರಿಂದ 2000ದ ಫೆಬ್ರುವರಿಯಿಂದ ದೇಶದಲ್ಲೆಲ್ಲ ಅದನ್ನು ನಿಲ್ಲಿಸಲಾಯಿತು. ಅದು ಆಗಲೇಬೇಕಾದ ಕೆಲಸವಾಗಿತ್ತು. ಹಳೆಯ ಎಂಜಿನ್ನಿಗೆ ಮಾತ್ರ ಗಟ್ಟಿ ವಾಲ್ವ್ ಸೀಟು ಕೂರಿಸುವ ಹೊಸ ಖರ್ಚು ಬಂತು. ಈಗ ಎಥನಾಲ್‌ನ ಸರದಿ. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಯುವ ಹಂತಕ್ಕೆ ದೇಶ ಬಂದಿದೆ. ಎಥನಾಲ್ ಕೂಡ ನೀರನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪು, ಎ.ಸಿ. ಪಂಪಿನ ಡಯಾಫ್ರಮ್ಮುಗಳನ್ನು ಮೆತ್ತಗೆ ಮಾಡುತ್ತದೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿ, ಹಬ್ಬಕ್ಕೊಮ್ಮೆ ಓಡಿಸುವವರಿಗೆ ಇದು ದೊಡ್ಡ ತಲೆನೋವು. ಹಳೆಯ ಡ್ರೈವರುಗಳು ಘಾಟಿ ಹತ್ತುವಾಗ ಕಾದ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದ ಉಪಾಯಕ್ಕೆ ಈಗ ಮತ್ತೆ ಕೆಲಸ ಬಂದಿದೆ.

ಬಿಡಿಭಾಗದ ಮಾತಂತೂ ವಿಚಿತ್ರ. ಇಂಗ್ಲೆಂಡಿನಲ್ಲಿ ಹಳೆಯ ಎಂ.ಜಿ., ಟ್ರಯಂಫ್‌ಗಳ ಭಾಗಗಳನ್ನು ಈಗಲೂ ಹೊಸದಾಗಿ ತಯಾರಿಸುವವರಿದ್ದಾರೆ. ದುಡ್ಡು, ಕಸ್ಟಮ್ಸ್ ಸುಂಕ ಎರಡಕ್ಕೂ ತಯಾರಿದ್ದರೆ ಕೊರಿಯರಿನಲ್ಲಿ ಸಕಲೇಶಪುರಕ್ಕೇ ಬರುತ್ತವೆ. ಆದರೆ ಮದರಾಸಿನಲ್ಲಿ ತಯಾರಾದ ನಾಲ್ಕು ಬಾಗಿಲಿನ ಹೆರಾಲ್ಡ್‌ನ ಹಿಂದಿನ ಬಾಗಿಲು ಲೋಕದಲ್ಲೆಲ್ಲೂ ಸಿಗುವುದಿಲ್ಲ. ಯಾಕೆಂದರೆ ಇಂಗ್ಲೆಂಡಿನಲ್ಲಿ ನಾಲ್ಕು ಬಾಗಿಲಿನ ಹೆರಾಲ್ಡ್ ತಯಾರಾಗಲೇ ಇಲ್ಲ! ಅದಕ್ಕೆ ಶಿವಾಜಿನಗರದ ಗುಜರಿಯೇ ಗತಿ, ಇಲ್ಲವೆ ತಗಡು ಬಡಿಯುವ ಒಳ್ಳೆಯ ಟಿಂಕರ್ ಸಿಗಬೇಕು. ಜೀಪಿನ ಭಾಗಗಳು ಮಾತ್ರ ಹೇರಳ. ಮಹೀಂದ್ರದವರು ದಶಕಗಳ ಕಾಲ ಅದೇ ವಂಶದ ಗಾಡಿಗಳನ್ನು ಮಾಡಿದ್ದರ ಪುಣ್ಯ ಅದು. ತೊಂದರೆ ಎಂದರೆ ಸಿಗುವ ಭಾಗ ಯಾವ ವರ್ಷದ ಜೀಪಿನದು, ಅಸಲಿಯೋ ನಕಲಿಯೋ ಎಂದು ಡಬ್ಬಿಯ ಮೇಲಿನ ಬರಹದಿಂದ ತಿಳಿಯುವುದಿಲ್ಲ.

ಈ ಕಷ್ಟದಿಂದ ಪಾರಾಗಲು ಬಹಳ ಜನ ಹಿಡಿದ ದಾರಿ ಎಂಜಿನ್ನನ್ನೇ ಬದಲಿಸುವುದು. ಪೆಟ್ರೋಲಿನ ಬೆಲೆ ಏರಿದ ಮೇಲೆ ಹಳೆಯ ಜೀಪುಗಳ ಪೆಟ್ರೋಲ್ ಎಂಜಿನ್ ಎತ್ತಿ ಡೀಸೆಲ್ ಎಂಜಿನ್ ಕೂರಿಸಿದ್ದು ಮಲೆನಾಡಿನಲ್ಲಿ ಮಾಮೂಲಿ ಸಂಗತಿ. ತೋಟದ ಕೆಲಸಕ್ಕೆ ಅದು ಸರಿಯಾದ ಲೆಕ್ಕಾಚಾರವೇ. ಗಾಡಿ ಇರುವುದು ಗೊಬ್ಬರ ಹೊರಲು, ಆಳುಗಳನ್ನು ಕರೆತರಲು. ಅದನ್ನು ವಸ್ತುಸಂಗ್ರಹಾಲಯದಲ್ಲಿ ಇಡಲಿಕ್ಕಲ್ಲ. ಘಟ್ಟ ಇಳಿದರೆ ಸಿಗುವ ಧರ್ಮಸ್ಥಳದ ಮಂಜೂಷಾ ಸಂಗ್ರಹದಲ್ಲಿ ಥಳಥಳಿಸುವ ಹಳೆಯ ಕಾರುಗಳನ್ನು ಕಂಡು ಬಂದವರಿಗೆ ತಮ್ಮ ಜೀಪು ಬಡಪಾಯಿಯಂತೆ ಕಂಡರೂ, ದುಡಿದದ್ದು ಜೀಪೇ.

ಆದರೆ ಈ ಲೆಕ್ಕಾಚಾರಕ್ಕೆ ಈಗ ಕಾನೂನು ಒಂದು ತಿರುವು ಕೊಟ್ಟಿದೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ, ಮೂಲ ರೂಪದಲ್ಲಿಯೇ ಉಳಿದಿರುವ ಗಾಡಿಗೆ ಮಾತ್ರ ಈ ಮಾನ್ಯತೆ. ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಕೂಡದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಮರುನೋಂದಣಿಗೆ 5,000. ಹೊಸದಾಗಿ ನೋಂದಾಯಿಸಿದರೆ ನಂಬರಿನ ನಡುವೆ ‘ವಿ.ಎ.’ ಎಂಬ ಅಕ್ಷರ ಸೇರುತ್ತದೆ, ಮೊದಲೇ ನೋಂದಣಿ ಆಗಿದ್ದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ ‘ಎಂ.ವೈ.’ ಅಕ್ಷರಗಳ ಪ್ಲೇಟು ಇನ್ನೂ ಗಾಡಿಯ ಮೇಲಿದ್ದರೆ ಅದಕ್ಕಿಂತ ಹೆಮ್ಮೆ ಇನ್ನೇನು ಬೇಕು! ಹೀಗೆ ನೋಂದಾದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಬಾಡಿಗೆಗೆ ಓಡಿಸುವಂತಿಲ್ಲ. ಹೋಂಸ್ಟೇ ಅತಿಥಿಗಳನ್ನು ಗುಡ್ಡ ಹತ್ತಿಸಿ ದುಡ್ಡು ಎಣಿಸುವ ಜೀಪಿಗೆ ಈ ಪಟ್ಟ ಸಿಗದು. ಡೀಸೆಲ್ ಎಂಜಿನ್ ಕೂರಿಸಿದ ತಾತನ ಜೀಪಿಗೂ ಸಿಗದು. ತಂದೆ ಬುದ್ಧಿವಂತಿಕೆಯಿಂದ ಮಾಡಿಸಿದ ಬದಲಾವಣೆಯನ್ನು ಬಿಚ್ಚಿ, ಗುಜರಿಗೆ ಮಾರಿದ್ದ ಎಂಜಿನ್ನಿನ ಜೋಡಿಯನ್ನು ಮಗ ಈಗ ಹತ್ತು ಪಟ್ಟು ಬೆಲೆಗೆ ಹುಡುಕುವ ಸ್ಥಿತಿ. ಆರ್.ಸಿ. ಪುಸ್ತಕ ತೀರಿಹೋದ ತಾತನ ಹೆಸರಿನಲ್ಲೇ ಉಳಿದಿದ್ದು, ತೋಟ ಮೂರು ಪಾಲಾಗಿದ್ದರೆ, ಸ್ಪ್ಯಾನರಿಗಿಂತ ಮೊದಲು ಅಣ್ಣತಮ್ಮಂದಿರ ಸಹಿ ಬೇಕಾಗುತ್ತದೆ.

ಕೊನೆಯದಾಗಿ ಸಮಯದ ಸಮಸ್ಯೆ. ನವೆಂಬರಿನಿಂದ ಮಾರ್ಚಿಯವರೆಗೆ ಕಾಫಿ ಕೊಯ್ಲು, ಕಣದ ಕೆಲಸ, ನಡುವೆ ಮೆಣಸು. ಹವೆ ಒಣಗಿದ್ದು ರಿಪೇರಿಗೆ ಹೇಳಿಮಾಡಿಸಿದಂತಿರುತ್ತದೆ, ಬೆಳೆಗಾರನಿಗೆ ಬಿಡುವಿರುವುದಿಲ್ಲ. ಹೂಮಳೆ ತಡವಾದರೆ ಸ್ಪ್ರಿಂಕ್ಲರ್ ಹೊತ್ತು ತಿರುಗಬೇಕು. ಆಮೇಲೆ ಮರಗಸಿ, ಬೋರ್ಡೋ ಸಿಂಪಡಣೆ. ಬಿಡುವು ಸಿಗುವುದು ಮಳೆ ಹಿಡಿದು ಕೂತ ಜುಲೈ, ಆಗಸ್ಟಿನಲ್ಲಿ. ಆಗ ಕರೆಂಟಿಲ್ಲ, ಬಳಿದ ಬಣ್ಣ ಒಣಗುವುದಿಲ್ಲ, ಬೆಂಗಳೂರಿಗೆ ಬರೆದ ಭಾಗ ವಾರ ತಡ. ಬಿಚ್ಚಿಟ್ಟ ಬೋಲ್ಟುಗಳಿಗೆ ಮೂರೇ ದಿನದಲ್ಲಿ ಮತ್ತೆ ಕೆಂಪು ಬಣ್ಣ. ಅನುಭವಸ್ಥರು ಅದಕ್ಕೇ ಒಂದೊಂದು ಭಾಗದ ಬೋಲ್ಟುಗಳನ್ನು ಬೇರೆ ಬೇರೆ ಹಾರ್ಲಿಕ್ಸ್ ಬಾಟಲಿಯಲ್ಲಿ ಡೀಸೆಲ್ ಹಾಕಿ ಮುಳುಗಿಸಿ, ಮೇಲೆ ಚೀಟಿ ಅಂಟಿಸಿ ಇಡುತ್ತಾರೆ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಇಂಕಿನಲ್ಲಿ ಬರೆದರೆ ಸೆಪ್ಟೆಂಬರಿನ ಹೊತ್ತಿಗೆ ಅಳಿಸಿಹೋಗಿರುತ್ತದೆ.